ಇಂಜಿನ್ ಸ್ಟಾರ್ಟ್ ಆಗ್ತಾ ಇಲ್ಲ, ದೋಣಿ ದಡದಲ್ಲೇ ಉಂಟು. ಗೊತ್ತಿದ್ದವರು ಬೇಗ ಹೇಳಿ

ಕೋಡಿಬೆಂಗ್ರೆ ದೋಣಿ | ಬೆಳಿಗ್ಗೆ 6:50

ಎಲ್ಲರಿಗೂ ನಮಸ್ಕಾರ. ನಮ್ಮದು ನಾಡದೋಣಿ, ಪಟ್ಟೆಬಲೆ. 9.9 ಎಚ್‌ಪಿ ಸೀಮೆಎಣ್ಣೆ ಔಟ್‌ಬೋರ್ಡ್ ಇಂಜಿನ್ (ದೋಣಿಯ ಹಿಂದೆ ಹೊರಗೆ ಕಟ್ಟುವುದು), ಟೂ ಸ್ಟ್ರೋಕ್, ಎರಡು ಸಿಲಿಂಡರ್. ಸ್ಟಾರ್ಟ್ ಮಾಡುವುದು ಪೆಟ್ರೋಲಿನಲ್ಲಿ, ಆಮೇಲೆ ಸೀಮೆಎಣ್ಣೆಯಲ್ಲಿ ಓಡಿಸುವುದು. ತಗೊಂಡು ಆರು ವರ್ಷ ಆಯ್ತು. ಇವತ್ತು ನಾಲ್ಕೂವರೆಗೆ ಹೊರಡಬೇಕಿತ್ತು. ಹಗ್ಗ ಎಳೆದು ಎಳೆದು ಕೈ ಬೊಬ್ಬೆ ಬಂತು. ಐವತ್ತು ಸಲವಾದ್ರೂ ಎಳೆದಿರಬೇಕು. ಒಂದು ಕೆಮ್ಮು ಕೂಡ ಇಲ್ಲ.

ನಿನ್ನೆ ಸಂಜೆ ಚೆನ್ನಾಗಿಯೇ ಓಡಿಕೊಂಡು ಬಂದಿದೆ. ರಾತ್ರಿಯಿಡೀ ಜೋರು ಮಳೆ. ದೋಣಿ ಹೊಳೆ ಬದಿಗೆ ಕಟ್ಟಿತ್ತು. ಇಂಜಿನಿಗೆ ಪ್ಲಾಸ್ಟಿಕ್ ಹೊದಿಸಿದ್ದೇವೆ.

ಒಂದು ಅಂಗಡಿಗೆ ಫೋನ್ ಮಾಡಿದ್ರೆ ನೋಡದೆಯೇ "ಸಿಡಿಐ ಹೋಗಿರಬೇಕು, ಹೊಸದು ಹಾಕಿ" ಅಂದ್ರು. ಸಿಡಿಐ ಅಂದ್ರೆ ಪ್ಲಗ್ಗಿನ ಕಿಡಿಗೆ ಕರೆಂಟು ಕೊಡುವ ಡಬ್ಬಿ. ಅಷ್ಟು ದುಡ್ಡು ಈಗ ಇಲ್ಲ. ಟ್ರಾಲ್ ಬೋಟುಗಳೆಲ್ಲ ಮಳೆಗಾಲದ ನಿಷೇಧಕ್ಕೆ ಬಂದರಿನಲ್ಲಿ ನಿಂತಿರುವ ಈ ಎರಡು ತಿಂಗಳೇ ನಮಗೆ ನಾಲ್ಕು ಕಾಸು. ನಾವು ನಾಲ್ಕು ಜನ ದಡದಲ್ಲಿ ಕೂತಿದ್ದೇವೆ. ಎಲ್ಲಿಂದ ಶುರು ಮಾಡೋದು?

ಹೆಜಮಾಡಿಯವ | 6:58

ಕೆಂಪು ಕ್ಲಿಪ್ ಹಾಕಿದ್ದೀರಾ? ಸ್ಟಾಪ್ ಬಟನಿನ ಹತ್ತಿರ ದಾರ ಇರುವ ಕ್ಲಿಪ್. ಅದು ಬಿಟ್ಟಿದ್ರೆ ಸಾವಿರ ಸಲ ಎಳೆದರೂ ಆಗಲ್ಲ.

ಉಳ್ಳಾಲ ಅಲೆ | 7:02

ಗೇರಿನಲ್ಲಿ ಇಲ್ಲ ತಾನೆ?

ಹೆಜಮಾಡಿಯವ | 7:03

ಗೇರಿನಲ್ಲಿದ್ರೆ ಹಗ್ಗವೇ ಎಳೆಯಲಿಕ್ಕೆ ಬರಲ್ಲ ಮಾರಾಯ್ರೇ, ಲಾಕ್ ಇರ್ತದೆ. ಇವರು ಐವತ್ತು ಸಲ ಎಳೆದಿದ್ದಾರೆ.

ಉಳ್ಳಾಲ ಅಲೆ | 7:05

ಲಾಕಿನ ಕೇಬಲ್ ತುಂಡಾಗಿದ್ರೆ ಗೇರಿನಲ್ಲೂ ಎಳೆಯಲಿಕ್ಕೆ ಬರ್ತದೆ. ನಮ್ಮ ಹಳೆ ಇಂಜಿನಿನಲ್ಲಿ ಹಾಗೇ ಆಗಿ, ಸ್ಟಾರ್ಟ್ ಆದ ಕೂಡಲೇ ದೋಣಿ ಮುಂದೆ ನುಗ್ಗಿ ಒಬ್ಬರು ನೀರಿಗೆ ಬಿದ್ದಿದ್ದರು. ಅದಕ್ಕೇ ಕೇಳಿದ್ದು.

ಗಂಗೊಳ್ಳಿ ಗಾಳಿ | 7:09

ಹ್ವಾಯ್, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿ ಸ್ಕ್ರೂ ಇತ್ತಲ್ದಾ, ಅದ್ ಬಿಚ್ಚಿದ್ರಿಯಾ? ಮೊದ್ಲ್ ಅದ್ ಕಾಣಿ. ಗಾಳಿ ಹೋಗ್ದೆ ಎಣ್ಣೆ ಬತ್ತಿಲ್ಲೆ.

ಕೋಡಿಬೆಂಗ್ರೆ ದೋಣಿ | 7:15

ಕ್ಲಿಪ್ ಉಂಟು. ನ್ಯೂಟ್ರಲ್‌ನಲ್ಲಿ ಉಂಟು. ಗಾಳಿ ಸ್ಕ್ರೂ ನಿನ್ನೆಯಿಂದ ಬಿಚ್ಚಿಯೇ ಉಂಟು. ಪೈಪಿನಲ್ಲಿ ಎಣ್ಣೆ ತಳ್ಳುವ ರಬ್ಬರ್ ಬಲ್ಬ್ ಒತ್ತಿದ್ರೆ ಗಟ್ಟಿಯಾಗ್ತದೆ, ಹಾಗೇ ನಿಲ್ತದೆ. ಚೋಕ್ ಎಳೆದೂ ನೋಡಿದ್ದೇವೆ, ಬಿಟ್ಟೂ ನೋಡಿದ್ದೇವೆ. ಸ್ಪಾರ್ಕ್ ಪ್ಲಗ್ ಎರಡೂ ಬಿಚ್ಚಿದೆ, ಎರಡೂ ಒದ್ದೆ.

ಮಂಗಳೂರು ದಕ್ಕೆ | 7:18

ಸಿಡಿಐ. ನೂರಕ್ಕೆ ನೂರು. ನಂದೂ ಹಾಗೇ ಆಗಿತ್ತು.

ಸುರತ್ಕಲ್ ಹುಡುಗ | 7:24

ದಕ್ಕೆಯವರೇ, ಪರೀಕ್ಷೆ ಮಾಡದೆ ನೂರಕ್ಕೆ ನೂರು ಹೇಳಿದ್ರೆ ಹೇಗೆ? ಅವರ ಹತ್ತಿರ ದುಡ್ಡಿಲ್ಲ ಅಂತ ಮೊದಲೇ ಹೇಳಿದ್ದಾರೆ. ಕಿಡಿ ಬರ್ತದಾ ಇಲ್ಲವಾ ಅಂತ ಐದು ನಿಮಿಷದಲ್ಲಿ ಗೊತ್ತಾಗ್ತದೆ. ಪ್ಲಗ್ಗನ್ನು ಕ್ಯಾಪಿಗೆ ಹಾಕಿ, ಪ್ಲಗ್ಗಿನ ಲೋಹದ ಮೈ ಇಂಜಿನಿನ ಲೋಹಕ್ಕೆ ಗಟ್ಟಿಯಾಗಿ ತಾಗಿಸಿ ಇಟ್ಟು, ಇನ್ನೊಬ್ಬರು ಹಗ್ಗ ಎಳೀಲಿ. ನೀಲಿ ಕಿಡಿ ಟಕ್ ಟಕ್ ಅಂತ ಹಾರಿದ್ರೆ ಕರೆಂಟಿನ ಕಡೆ ಸರಿ ಉಂಟು.

ಎರಡೂ ಪ್ಲಗ್ಗಿನಲ್ಲಿ ಕಿಡಿ ಇಲ್ಲ ಅಂದ್ರೆ ಎರಡಕ್ಕೂ ಸಾಮಾನ್ಯವಾದದ್ದು ಕೆಟ್ಟಿದೆ. ಆಗಲೂ ಮೊದಲು ಸ್ಟಾಪ್ ಸ್ವಿಚ್ಚಿನ ವಯರ್ ಬಿಡಿಸಿ ಇನ್ನೊಮ್ಮೆ ನೋಡಿ. ಉಪ್ಪು ನೀರು ಕೂತು ಆ ಸ್ವಿಚ್ ಒಳಗೇ ಶಾರ್ಟ್ ಆಗಿರೋದು ಬಹಳ ಸಲ ನೋಡಿದ್ದೇನೆ. ವಯರ್ ತೆಗೆದ ಕೂಡಲೇ ಕಿಡಿ ಬಂದ್ರೆ ಸ್ವಿಚ್ ಕೆಟ್ಟದ್ದು, ಸಿಡಿಐ ಅಲ್ಲ. ಆದರೆ ಸ್ವಿಚ್ ಇಲ್ಲದೆ ಸಮುದ್ರಕ್ಕೆ ಹೋಗಬೇಡಿ.

ಮಲ್ಪೆ ಮಿಸ್ತ್ರಿ | 7:31

ನಿಲ್ಲಿ, ನಿಲ್ಲಿ. ಪ್ಲಗ್ ಒದ್ದೆ ಅಂದ್ರಲ್ಲ. ಈಗ ಕಿಡಿ ನೋಡಲಿಕ್ಕೆ ಹೋಗಬೇಡಿ. ಸಿಲಿಂಡರಿನ ಒಳಗೆ ಎಣ್ಣೆ ನಿಂತಿರ್ತದೆ, ಹಗ್ಗ ಎಳೆದಾಗ ಪ್ಲಗ್ ತೂತಿನಿಂದ ಹೊಗೆಯ ಹಾಗೆ ಹೊರಗೆ ಹಾರ್ತದೆ. ಅಲ್ಲೇ ಬದಿಯಲ್ಲಿ ಕಿಡಿ ಹಾರಿಸಿದ್ರೆ ಬೆಂಕಿ. ನಮ್ಮಲ್ಲಿ ಒಬ್ಬನ ಕೈ ಸುಟ್ಟದ್ದು ಹೀಗೇ.

ಮೊದಲು ಇದೊಂದು ಮಾಡಿ. ಪ್ಲಗ್ಗಿನ ಒದ್ದೆಯನ್ನು ಅಂಗೈಗೆ ಒರೆಸಿ ಊದಿ. ತಣ್ಣಗಾಗಿ ಬೇಗ ಆರಿದ್ರೆ ಪೆಟ್ರೋಲ್. ಆರದೆ ಜಿಡ್ಡು ಜಿಡ್ಡಾಗಿ ಹಾಗೇ ಉಳಿದ್ರೆ ಸೀಮೆಎಣ್ಣೆ. ಯಾವುದು ಅಂತ ಹೇಳಿ, ಆಮೇಲೆ ಮುಂದಿನ ಮಾತು.

ಮಂಗಳೂರು ದಕ್ಕೆ | 7:34

ಸ್ಟಾರ್ಟಿಂಗ್ ಸ್ಪ್ರೇ ಹೊಡೆದ್ರೆ ಒಂದೇ ಎಳೆತಕ್ಕೆ ಎದ್ದು ಕೂತ್ಕೊಳ್ತದೆ. ಇಷ್ಟೆಲ್ಲ ಯಾಕೆ?

ಮಲ್ಪೆ ಮಿಸ್ತ್ರಿ | 7:37

ಟೂ ಸ್ಟ್ರೋಕಿಗೆ ಸ್ಪ್ರೇ ಬೇಡ ಅಣ್ಣ. ಇದರಲ್ಲಿ ಪಿಸ್ಟನ್ ಜಾರಲಿಕ್ಕೆ ಬೇಕಾದ ಆಯಿಲ್ ಬರುವುದೇ ಪೆಟ್ರೋಲ್, ಸೀಮೆಎಣ್ಣೆಯ ಜೊತೆ ಬೆರೆತು. ಸ್ಪ್ರೇಯಲ್ಲಿ ಆಯಿಲ್ ಎಲ್ಲುಂಟು? ಸಿಲಿಂಡರ್ ಗೋಡೆಯಲ್ಲಿ ಇದ್ದ ಸ್ವಲ್ಪ ಆಯಿಲನ್ನೂ ತೊಳೆದು ಹಾಕ್ತದೆ. ನಾಲ್ಕು ಸಲ ಹೊಡೆದವರು ಐದನೇ ಸಲ ಪಿಸ್ಟನ್ ರಿಂಗಿಗೆ ದುಡ್ಡು ಕೊಡಲಿಕ್ಕೆ ನನ್ನ ಹತ್ತಿರ ಬರ್ತಾರೆ. ದುಡ್ಡು ನನಗೇ ಬರುವುದು, ಆದ್ರೂ ಬೇಡ ಅಂತ ಹೇಳ್ತೇನೆ.

ಹೆಜಮಾಡಿಯವ | 7:39

ನಮ್ಮ ಅಪ್ಪ ಪ್ಲಗ್ ಬಿಚ್ಚಿ ಸ್ಟವ್ ಮೇಲೆ ಕಾಯಿಸ್ತಿದ್ರು. ಬಿಸಿ ಇರುವಾಗಲೇ ಹಾಕಿ ಎಳೆದ್ರೆ ಆಗ್ತಿತ್ತು.

ಮಲ್ಪೆ ಮಿಸ್ತ್ರಿ | 7:42

ಅದು ಸುಳ್ಳಲ್ಲ, ಒದ್ದೆ ಆರ್ತದೆ. ಮನೆಯಲ್ಲಿ ಕಾಯಿಸಿ ತನ್ನಿ, ದೋಣಿಯೊಳಗೆ ಬೆಂಕಿ ಹಚ್ಚಬೇಡಿ. ಆದರೆ ಪ್ಲಗ್ ಯಾಕೆ ಒದ್ದೆಯಾಯ್ತು ಅನ್ನೋದು ಗೊತ್ತಾಗದೆ ಕಾಯಿಸಿದ್ರೆ ನಾಳೆ ಪುನಃ ಒದ್ದೆ.

ಕೋಡಿಬೆಂಗ್ರೆ ದೋಣಿ | 7:50

ಮಿಸ್ತ್ರಿಯಣ್ಣ, ಅಂಗೈಯಲ್ಲಿ ಜಿಡ್ಡು ಹಾಗೇ ಉಂಟು. ವಾಸನೆ ಕೂಡ ಸೀಮೆಎಣ್ಣೆಯದ್ದೇ. ಆದರೆ ಬೆಳಿಗ್ಗೆ ನಾವು ಎಣ್ಣೆ ಬದಲಿಸುವ ಕಾಕ್ ತಿರುಗಿಸಿ ಪೆಟ್ರೋಲಿಗೇ ಇಟ್ಟು ಎಳೆದದ್ದು.

ಮಲ್ಪೆ ಮಿಸ್ತ್ರಿ | 7:52

ನಿನ್ನೆ ಸಂಜೆ ಇಂಜಿನ್ ನಿಲ್ಲಿಸಿದ್ದು ಯಾರು?

ಕೋಡಿಬೆಂಗ್ರೆ ದೋಣಿ | 8:01

ಕೇಳಿದೆ. ಅಕ್ಕನ ಮಗ. ಮಳೆ ಜೋರಿತ್ತು, ಬಲೆ ಇಳಿಸುವ ಗಡಿಬಿಡಿ. ಸೀಮೆಎಣ್ಣೆಯಲ್ಲಿ ಓಡ್ತಾ ಇದ್ದಾಗಲೇ ಬಟನ್ ಒತ್ತಿ ನಿಲ್ಲಿಸಿದ್ದಾನಂತೆ. ನಾನು ದೋಣಿಯ ಮುಂದಿನ ತುದಿಯಲ್ಲಿದ್ದೆ, ನೋಡಲಿಲ್ಲ.

ಮಲ್ಪೆ ಮಿಸ್ತ್ರಿ | 8:12

ಹಾಗಾದ್ರೆ ಅರ್ಧ ಉತ್ತರ ಸಿಕ್ಕಿತು. ಹೊಸಬರು ಓದ್ತಾ ಇದ್ದರೆ ಅವರಿಗೂ ಗೊತ್ತಾಗಲಿ ಅಂತ ಪೂರ್ತಿ ಬರೀತೇನೆ.

ಸೀಮೆಎಣ್ಣೆ ತಣ್ಣಗಿನ ಇಂಜಿನಿನಲ್ಲಿ ಹತ್ತಿಕೊಳ್ಳಲ್ಲ. ಪೆಟ್ರೋಲ್ ತಣ್ಣಗಿದ್ದರೂ ಆವಿಯಾಗ್ತದೆ, ಸೀಮೆಎಣ್ಣೆಗೆ ಬಿಸಿ ಬೇಕು. ಅದಕ್ಕೇ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಹಾಕುವುದು. ಇದು ಎಲ್ಲರಿಗೂ ಗೊತ್ತು. ಮರೆಯುವುದು ವಾಪಸು ಬರುವಾಗ. ದಡ ಮುಟ್ಟುವ ಸ್ವಲ್ಪ ಮೊದಲೇ ಕಾಕನ್ನು ಪೆಟ್ರೋಲಿಗೆ ತಿರುಗಿಸಿ ಕೆಲವು ನಿಮಿಷ ಓಡಿಸಬೇಕು. ಆಗ ಪೈಪಿನಲ್ಲಿ, ಪಂಪಿನಲ್ಲಿ, ಕಾರ್ಬೊರೇಟರಿನ ಬಟ್ಟಲಿನಲ್ಲಿ ಇರುವ ಸೀಮೆಎಣ್ಣೆ ಎಲ್ಲ ಖಾಲಿಯಾಗಿ ಪೆಟ್ರೋಲ್ ತುಂಬ್ತದೆ. ಹಾಗೆ ಮಾಡದೆ ನಿಲ್ಲಿಸಿದ್ರೆ ಬೆಳಿಗ್ಗೆ ಕಾಕ್ ಪೆಟ್ರೋಲಿಗೆ ಇಟ್ಟರೂ ಬಟ್ಟಲಿನಲ್ಲಿ ಇರುವುದು ನಿನ್ನೆಯ ಸೀಮೆಎಣ್ಣೆಯೇ. ನೀವು ಐವತ್ತು ಸಲ ಎಳೆದು ಅದನ್ನೇ ಸಿಲಿಂಡರಿಗೆ ತುಂಬಿಸಿದ್ದೀರಿ.

ಈಗ ಎಂತ ಮಾಡಬೇಕು ಅಂದ್ರೆ, ಟ್ಯಾಂಕಿನ ಪೈಪು ಇಂಜಿನಿನಿಂದ ಕಳಚಿ. ಕಾರ್ಬೊರೇಟರಿನ ಬಟ್ಟಲಿನ ಕೆಳಗೆ ಸಣ್ಣ ಡ್ರೈನ್ ಸ್ಕ್ರೂ ಉಂಟು, ಅದನ್ನು ಬಿಚ್ಚಿ ಒಳಗಿರುವುದನ್ನು ಒಂದು ಡಬ್ಬಿಗೆ ಹಿಡಿಯಿರಿ, ಚೆಲ್ಲಬೇಡಿ, ನೋಡಲಿಕ್ಕುಂಟು. ಪ್ಲಗ್ ಎರಡೂ ಹೊರಗೆ ಇರಲಿ. ಕೆಂಪು ಕ್ಲಿಪ್ ತೆಗೆದಿಡಿ, ಕಿಡಿ ಬರಬಾರದು. ಪ್ಲಗ್ಗುಗಳನ್ನು ಕ್ಯಾಪಿಗೆ ಹಾಕಿ ತೂತಿನಿಂದ ದೂರ ಲೋಹಕ್ಕೆ ತಾಗಿಸಿಯೇ ಇಡಿ, ಕ್ಯಾಪು ಹಾಗೇ ನೇತಾಡ್ತಾ ಇದ್ದಾಗ ಹಗ್ಗ ಎಳೆದ್ರೆ ಆಗ ನಿಜವಾಗಿ ಸಿಡಿಐ ಹೋಗುವ ಸಾಧ್ಯತೆ ಉಂಟು. ಚೋಕ್ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಹದಿನೈದು ಇಪ್ಪತ್ತು ಸಲ ಎಳೆಯಿರಿ. ಒಳಗಿನದ್ದು ಹೊರಗೆ ಬರ್ತದೆ. ಮುಖ ಅಡ್ಡ ಇಡಬೇಡಿ. ಬೀಡಿ ಸಿಗರೇಟು ಹತ್ತಿರ ತರಬೇಡಿ.

ಉಳ್ಳಾಲ ಅಲೆ | 8:15

ಮಿಸ್ತ್ರಿಗಳೇ, ಇದನ್ನು ಎಲ್ಲ ದೋಣಿಯವರು ಬಾಯಿಪಾಠ ಮಾಡಬೇಕು.

ಕಾಪು ದೀಪ | 8:18

ಹುಡುಗನಿಗೆ ಬೈಬೇಡಿ ಅಣ್ಣ. ಮಳೆಯಲ್ಲಿ ಕತ್ತಲೆಯಲ್ಲಿ ಯಾರಿಗೂ ಆಗ್ತದೆ.

ಮಂಗಳೂರು ದಕ್ಕೆ | 8:20

ಬೈಯದೆ ಇದ್ದರೆ ಕಲಿಯುವುದು ಯಾವಾಗ? ನಾಲ್ಕು ಮನೆಯ ಒಂದು ದಿನದ ದುಡಿಮೆ ಹೋಯ್ತಲ್ಲ.

ಕಾಪು ದೀಪ | 8:22

ಅವನಿಗೆ ಯಾರಾದರೂ ಹೇಳಿಕೊಟ್ಟಿದ್ದಾರಾ? ಈಗಿನ ಹುಡುಗರು ದೋಣಿಗೆ ಬರುವುದೇ ಅಪರೂಪ. ಬಂದವನಿಗೆ ಬೈದು ಓಡಿಸಿದ್ರೆ ನಾಳೆ ಬಲೆ ಎಳೆಯುವವರು ಯಾರು?

ಕೋಡಿಬೆಂಗ್ರೆ ದೋಣಿ | 8:26

ಬೈದಿಲ್ಲ. ಅವನೇ ಈಗ ಡಬ್ಬಿ ಹಿಡ್ಕೊಂಡು ಕೂತಿದ್ದಾನೆ. ಹೇಳಿಕೊಡಬೇಕಾದವನು ನಾನು, ಹೇಳಿಕೊಟ್ಟಿರಲಿಲ್ಲ.

ಊರಿನಿಂದ ದೂರ | 8:30

ಇದು ಮಂಗಳೂರಿನ ಬೆಂಗ್ರೆಯಾ? ನಮ್ಮ ಮಾವನ ಮನೆ ಅಲ್ಲೇ, ಬೇಕಾದ್ರೆ ಅವರ ಟೂಲ್ ಬಾಕ್ಸ್ ತರಿಸ್ತೇನೆ.

ಕಾಪು ದೀಪ | 8:32

ಅಲ್ಲ, ಇದು ಉಡುಪಿಯ ಕೋಡಿಬೆಂಗ್ರೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಸುವರ್ಣಾ ಹೊಳೆ. ಹೊಳೆಯ ಆಚೆ ಹಂಗಾರಕಟ್ಟೆ. ನಿಮ್ಮದು ಫಲ್ಗುಣಿ ಬದಿಯ ಬೆಂಗ್ರೆ, ಪೇಟೆಯ ಎದುರಿನದ್ದು.

ಊರಿನಿಂದ ದೂರ | 8:33

ಓ. ಅದು ದೂರವಾಯ್ತು. ದೋಣಿ ಬೇಗ ಸರಿಯಾಗಲಿ.

ಕೋಡಿಬೆಂಗ್ರೆ ದೋಣಿ | 9:05

ಮಿಸ್ತ್ರಿಯಣ್ಣ ಹೇಳಿದ ಹಾಗೇ ಮಾಡಿದೆವು. ಬಟ್ಟಲಿನಿಂದ ಬಂದದ್ದು ಸೀಮೆಎಣ್ಣೆಯೇ, ನೀಲಿ ಬಣ್ಣ ಕಾಣ್ತದೆ. ಸಿಲಿಂಡರಿನಿಂದಲೂ ಸುಮಾರು ಹಾರಿತು. ಒಂದು ಗಂಟೆ ಬಿಟ್ಟು ಎಲ್ಲ ಆರಿಸಿ ಕಿಡಿ ನೋಡ್ತೇವೆ.

ಗಂಗೊಳ್ಳಿ ಗಾಳಿ | 9:10

ಪ್ಲಗ್ಗಿನ ಗ್ಯಾಪೂ ಕಾಣಿ. ಎನ್‌ಜಿಕೆ ಕಂಪೆನಿದ್ ಆದ್ರೆ ನಂಬ್ರದ ಕೊನೆಗೆ 10 ಅಂತ ಇದ್ರೆ ಗ್ಯಾಪು 1.0 ಮಿ.ಮೀ. ಇರ್ಕ್. ತಂತಿ ಬ್ರಷ್ಷಲ್ಲಿ ಜೋರ್ ತಿಕ್ಬೇಡಿ.

ಕೋಡಿಬೆಂಗ್ರೆ ದೋಣಿ | 10:20

ಎರಡರಲ್ಲೂ ಕಿಡಿ ಉಂಟು! ನೀಲಿ, ಜೋರಾಗಿ. ಸಿಡಿಐ ಸರಿಯಾಗಿಯೇ ಉಂಟು.

ಆದರೆ ಇಂಜಿನ್ ಎದ್ದರೂ ಓಡ್ತಾ ಉಳೀತಾ ಇಲ್ಲ. ಪೈಪು ಹಾಕಿ, ಬಲ್ಬ್ ಒತ್ತಿ, ಚೋಕ್ ಎಳೆದು ಹಗ್ಗ ಎಳೆದಾಗ ಮೂರನೇ ಸಲಕ್ಕೆ ಭುರ್ ಅಂತ ಎದ್ದು ಎರಡು ಸೆಕೆಂಡಿನಲ್ಲಿ ಸತ್ತಿತು. ಇನ್ನೊಮ್ಮೆ ಹಾಗೇ. ಈಗ ಪುನಃ ಸದ್ದೇ ಇಲ್ಲ.

ಹೆಜಮಾಡಿಯವ | 10:23

ಎದ್ದಿತಲ್ಲ! ಅರ್ಧ ದಾರಿ ಬಂದಿರಿ.

ಮಂಗಳೂರು ದಕ್ಕೆ | 10:25

ಸಿಡಿಐ ವಿಷಯದಲ್ಲಿ ನನ್ನ ಮಾತು ತಪ್ಪಾಯ್ತು, ಒಪ್ಪಿದೆ. ಈಗ ಕಾರ್ಬೊರೇಟರ್ ಜೆಟ್ (ಎಣ್ಣೆ ಹೋಗುವ ಸಣ್ಣ ತೂತು) ಬ್ಲಾಕ್. ಬಿಚ್ಚಿ ತೊಳೀರಿ.

ಸುರತ್ಕಲ್ ಹುಡುಗ | 10:31

ಮಳೆಯಲ್ಲಿ, ಮರಳಿನ ದಡದಲ್ಲಿ ಕಾರ್ಬೊರೇಟರ್ ಬಿಚ್ಚಬೇಡಿ ಪ್ಲೀಸ್. ಒಂದು ಓ-ರಿಂಗ್ (ಸಣ್ಣ ರಬ್ಬರ್ ಉಂಗುರ) ಮರಳಿಗೆ ಬಿದ್ರೆ ಈ ವಾರ ಮುಗೀತು. ಬಿಚ್ಚದೆ ನೋಡಬಹುದಾದದ್ದು ಇನ್ನೂ ಉಂಟು. ಒಂದು ಪ್ರಶ್ನೆ. ಗಾಳಿ ಸ್ಕ್ರೂ "ನಿನ್ನೆಯಿಂದ ಬಿಚ್ಚಿಯೇ ಉಂಟು" ಅಂದ್ರಿ ಅಲ್ವಾ? ರಾತ್ರಿಯಿಡೀ? ಆ ಪೆಟ್ರೋಲ್ ಟ್ಯಾಂಕ್ ಎಲ್ಲಿತ್ತು?

ಕೋಡಿಬೆಂಗ್ರೆ ದೋಣಿ | 10:34

ದೋಣಿಯಲ್ಲೇ. ಪ್ಲಾಸ್ಟಿಕ್ ಇಂಜಿನಿಗೆ ಮಾತ್ರ ಹೊದಿಸಿದ್ದು. ಟ್ಯಾಂಕ್ ಮಳೆಗೆ ಇತ್ತು. ಅಯ್ಯೋ.

ಸುರತ್ಕಲ್ ಹುಡುಗ | 10:41

ಟ್ಯಾಂಕನ್ನು ಒಂದು ಬದಿಗೆ ವಾಲಿಸಿ ಹತ್ತು ನಿಮಿಷ ಅಲುಗಾಡಿಸದೆ ಇಡಿ. ಆಮೇಲೆ ತಳದಿಂದ ಪೈಪಿನಲ್ಲಿ ಎಳೆದು ಒಂದು ಪಾರದರ್ಶಕ ಬಾಟಲಿಗೆ ಹಾಕಿ. ಬಾಯಿಯಲ್ಲಿ ಎಳೆಯಬೇಡಿ, ಬಲ್ಬಿನಲ್ಲೇ ಒತ್ತಿ ತೆಗೆಯಿರಿ. ಬಾಟಲಿಯಲ್ಲಿ ಎರಡು ಪದರ ಕಾಣ್ತದಾ ಹೇಳಿ.

ಕೋಡಿಬೆಂಗ್ರೆ ದೋಣಿ | 11:02

ಎರಡು ಪದರ ಸ್ಪಷ್ಟ ಉಂಟು. ಕೆಳಗೆ ನಾಲ್ಕು ಬೆರಳಿನಷ್ಟು ಮಬ್ಬು ನೀರಿನ ಹಾಗೆ. ಮೇಲೆ ಆಯಿಲ್ ಬಣ್ಣದ ಪೆಟ್ರೋಲ್. ಬೆಳಿಗ್ಗೆ ಬಟ್ಟಲಿನಿಂದ ಹಿಡಿದ ಡಬ್ಬಿಯ ತಳದಲ್ಲೂ ಸಣ್ಣ ಸಣ್ಣ ಮಣಿಗಳಿದ್ದವು. ಅದು ಸೀಮೆಎಣ್ಣೆಯ ಕಸ ಅಂತ ಬಿಟ್ಟಿದ್ದೆ.

ಸುರತ್ಕಲ್ ಹುಡುಗ | 11:15

ಸಿಕ್ಕಿತು. ಆ ಕೆಳಗಿನದ್ದು ಬರೀ ನೀರಲ್ಲ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡದವರೆಗೆ ಎಥನಾಲ್ ಇರ್ತದೆ. ಎಥನಾಲಿಗೆ ನೀರೆಂದರೆ ಬಲು ಇಷ್ಟ. ಸ್ವಲ್ಪ ನೀರು ಬಿದ್ದರೆ ಕರಗಿಸಿಕೊಂಡು ಸುಮ್ಮನಿರ್ತದೆ, ಏನೂ ಗೊತ್ತಾಗಲ್ಲ. ಅಳತೆ ಮೀರಿದ ಕೂಡಲೇ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಇಳೀತದೆ. ಟ್ಯಾಂಕಿನ ಪೈಪು ಎಣ್ಣೆ ಎಳೆಯುವುದು ತಳದಿಂದಲೇ. ಹಾಗಾಗಿ ಇಂಜಿನಿಗೆ ಹೋದದ್ದು ಅದೇ ಪದರ.

ಇದರಲ್ಲಿ ಇನ್ನೊಂದು ಅಪಾಯ ಉಂಟು, ನಾಡದೋಣಿಯವರಿಗೆ ಇದೇ ಮುಖ್ಯ. ನಾವು ಬೆರೆಸಿದ ಟೂ ಸ್ಟ್ರೋಕ್ ಆಯಿಲ್ ಮೇಲಿನ ಪೆಟ್ರೋಲಿನಲ್ಲಿ ಉಳೀತದೆ, ಕೆಳಗಿನ ಪದರಕ್ಕೆ ಬರಲ್ಲ. ಹೇಗೋ ಗುದ್ದಾಡಿ ಇಂಜಿನ್ ಓಡಿಸಿದ್ರೂ ಆಯಿಲ್ ಇಲ್ಲದೆ ಓಡ್ತದೆ. ಪಿಸ್ಟನ್ ಹಿಡ್ಕೊಳ್ತದೆ. ನಿಮ್ಮ ಇಂಜಿನ್ ಬೇಗ ಸತ್ತದ್ದು ಒಳ್ಳೆಯದೇ ಆಯ್ತು.

ಮೇಲಿನ ಪೆಟ್ರೋಲನ್ನೂ ಸೋಸಿ ಬಳಸಬೇಡಿ, ಅದರ ಎಥನಾಲ್ ಹೋಗಿ ಗುಣ ಕೆಟ್ಟಿರ್ತದೆ. ಹೊಳೆಗೂ ಚೆಲ್ಲಬೇಡಿ. ಎಲ್ಲಿ ಕೊಡಬಹುದು ಅಂತ ಗ್ಯಾರೇಜಿನವರ ಹತ್ತಿರ ಕೇಳಿ.

ಗಂಗೊಳ್ಳಿ ಗಾಳಿ | 11:18

ಸ್ಕ್ರೂ ಬಿಚ್ಚಿ ಅಂದದ್ದ್ ನಾನೇ. ದಡಕ್ಕೆ ಬಂದ್ಮೇಲೆ ಮುಚ್ಕ್ ಅಂತ ಹೇಳುದ್ ಬಿಟ್ಟಿ.

ಮಂಗಳೂರು ದಕ್ಕೆ | 11:21

ಈ ಎಥನಾಲ್ ನಮಗೆ ಬೇಡವೇ ಬೇಡ. ಬೈಕಿನವರಿಗೆ ಕೊಡಲಿ. ಸಮುದ್ರಕ್ಕೆ ಹೋಗುವವರಿಗೆ ಶುದ್ಧ ಪೆಟ್ರೋಲ್ ಕೊಡಬೇಕು.

ಉಳ್ಳಾಲ ಅಲೆ | 11:25

ಇದನ್ನು ನಾನು ಒಪ್ಪುತ್ತೇನೆ. ಬೈಕ್ ನಿಂತರೆ ತಳ್ಳಿಕೊಂಡು ಹೋಗಬಹುದು. ಹೊಳೆ ಸಮುದ್ರ ಸೇರುವ ಅಳಿವೆಬಾಗಿಲಿನಲ್ಲಿ ಇಂಜಿನ್ ನಿಂತರೆ?

ನನಗೆ ಆಗಿದೆ, ಅದಕ್ಕೇ ಹೇಳ್ತೇನೆ. ನೇತ್ರಾವತಿ, ಫಲ್ಗುಣಿ ಸೇರುವಲ್ಲಿ ಹೊಳೆಯ ನೀರು ಹೊರಗೆ ತಳ್ತದೆ, ಸಮುದ್ರದ ಅಲೆ ಒಳಗೆ ತಳ್ತದೆ. ಅಲ್ಲೇ ಇಂಜಿನ್ ನಿಂತಿತು. ದೋಣಿ ಅಡ್ಡ ತಿರುಗಿತು. ಮೊದಲು ಹಗ್ಗ ಎಳೆಯಲಿಕ್ಕೆ ಓಡಿದ್ದು ನಮ್ಮ ತಪ್ಪು. ಅಷ್ಟರಲ್ಲಿ ಎರಡು ಅಲೆ ಒಳಗೆ ಬಂತು. ಜೊತೆಯಲ್ಲಿದ್ದ ಹಿರಿಯರು "ಇಂಜಿನ್ ಬಿಡಿ, ಮೊದಲು ನಂಗೂರ" ಅಂತ ಕೂಗಿದ್ರು. ನಂಗೂರ (ಲಂಗರು) ಹಿಡಿದ ಮೇಲೆ ದೋಣಿ ಮೂತಿ ಅಲೆಗೆ ತಿರುಗಿತು, ಬಚಾವಾದೆವು. ಅವತ್ತಿನಿಂದ ನಂಗೂರದ ಹಗ್ಗ ಬಲೆಯ ಅಡಿಯಲ್ಲಿ ಇಡುವುದಿಲ್ಲ. ಎರಡು ಹುಟ್ಟು, ಲೈಫ್ ಜಾಕೆಟ್, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಫೋನು. ಕರಾವಳಿ ಕಾವಲು ಪಡೆಯ ನಂಬರ್ 1554 ದೋಣಿಯ ಒಳಬದಿಗೆ ಬಣ್ಣದಲ್ಲಿ ಬರೆಸಿದ್ದೇನೆ. ವಿಎಚ್‌ಎಫ್ ರೇಡಿಯೋ ಇದ್ದವರಿಗೆ ಚಾನೆಲ್ 16.

ಕಾಪು ದೀಪ | 11:29

ಇಂಜಿನ್ ನಿಂತರೆ ಮೊದಲು ನಂಗೂರ. ಇದು ಸತ್ಯ.

ಊರಿನಿಂದ ದೂರ | 11:33

ಒಂದು ಸಂಶಯ. ಎಲ್ಲರೂ 9.9 ಯಾಕೆ ಇಡ್ತೀರಿ? ದೊಡ್ಡದು ಹಾಕಿದ್ರೆ ಇಷ್ಟು ಕಷ್ಟ ಇಲ್ಲವಲ್ಲ.

ಹೆಜಮಾಡಿಯವ | 11:36

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 10 ಎಚ್‌ಪಿ ಒಳಗಿನ ನಾಡದೋಣಿಗೆ ಮಾತ್ರ ಬಿಡುವುದು. ಅದಕ್ಕೇ 9.9. ಮೀನು ಮೊಟ್ಟೆ ಇಡುವ ಸಮಯ, ಕಾನೂನು ಸರಿಯಾಗಿಯೇ ಉಂಟು.

ಮಂಗಳೂರು ದಕ್ಕೆ | 11:39

ಕಾನೂನು ಸರಿ. ಸೀಮೆಎಣ್ಣೆ ಸಮಯಕ್ಕೆ ಸಿಗುವುದಿಲ್ಲವಲ್ಲ, ಅದು ಸರಿಯಾ? ಮಳೆಗಾಲ ಮುಗಿಯುವಾಗ ಎಣ್ಣೆ ಬಂದ್ರೆ ಎಂತ ಮಾಡುವುದು? ಫೋರ್ ಸ್ಟ್ರೋಕ್ ಪೆಟ್ರೋಲ್ ಇಂಜಿನಿಗೆ ಹೋಗುವ ಅಂದ್ರೆ ಅದರ ಬೆಲೆ ಕೇಳಿ ತಲೆ ತಿರುಗ್ತದೆ.

ಮಲ್ಪೆ ಮಿಸ್ತ್ರಿ | 11:48

ಫೋರ್ ಸ್ಟ್ರೋಕ್ ಒಳ್ಳೆಯದೇ, ಎಣ್ಣೆ ಕಡಿಮೆ ಕುಡೀತದೆ. ಆದರೆ ಭಾರ ಜಾಸ್ತಿ, ಮರಳಿನ ಮೇಲೆ ಇಬ್ಬರು ಹೊತ್ತುಕೊಂಡು ಹೋಗುವವರಿಗೆ ಕಷ್ಟ. ಆ ಚರ್ಚೆ ಇನ್ನೊಂದು ದಿನ ಮಾಡುವ.

ಕೋಡಿಬೆಂಗ್ರೆಯವರೇ, ಈಗ ಕೇಳಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಪೈಪು, ಬಲ್ಬ್ ಕೂಡ ಖಾಲಿ ಮಾಡಿ. ಇಂಜಿನಿನ ಫಿಲ್ಟರ್ ಬಟ್ಟಲಿನಲ್ಲಿ ನೀರು ನಿಂತಿರ್ತದೆ, ತೆಗೀರಿ. ಕಾರ್ಬೊರೇಟರ್ ಡ್ರೈನ್ ಇನ್ನೊಮ್ಮೆ. ಹೊಸ ಪೆಟ್ರೋಲಿಗೆ ಆಯಿಲನ್ನು ಇಂಜಿನಿನ ಪುಸ್ತಕದಲ್ಲಿ ಹೇಳಿದ ಅಳತೆಗೇ ಹಾಕಿ, ಅಂದಾಜಿಗೆ ಬೇಡ. ಆಯಿಲ್ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರಬೇಕು, ಅದು ನೀರಿನಲ್ಲಿ ತಣಿಯುವ ಇಂಜಿನಿನದ್ದು. ಬೈಕಿನ ಟೂ ಸ್ಟ್ರೋಕ್ ಆಯಿಲ್ ಅಲ್ಲ. ಬಲ್ಬಿನ ಬಾಣ ಇಂಜಿನ್ ಕಡೆಗೆ ಇರಲಿ, ಒತ್ತುವಾಗ ಆ ತುದಿಯನ್ನು ಮೇಲೆ ಹಿಡಿಯಿರಿ.

ಸ್ಟಾರ್ಟ್ ಆದ ಕೂಡಲೇ ಇಂಜಿನ್ ತಣಿಸುವ ನೀರಿನ ಧಾರೆ ನೋಡಿ. ಪಕ್ಕದ ತೂತಿನಿಂದ ನೀರು ಬರದಿದ್ದರೆ ಆಗಲೇ ನಿಲ್ಲಿಸಿ.

ಕೋಡಿಬೆಂಗ್ರೆ ದೋಣಿ | 11:52

ಒಬ್ಬರನ್ನು ಪೆಟ್ರೋಲಿಗೆ ಕಳಿಸಿದ್ದೇನೆ. ಪ್ಲಗ್ ಹೊಸದು ಹಾಕಲಾ?

ಮಲ್ಪೆ ಮಿಸ್ತ್ರಿ | 11:54

ಕಿಡಿ ಚೆನ್ನಾಗಿ ಉಂಟಲ್ಲ, ಇದನ್ನೇ ಒಣಗಿಸಿ ಹಾಕಿ. ಆದರೆ ಒಂದು ಜೊತೆ ಹೊಸ ಪ್ಲಗ್, ಒಂದು ಪ್ಲಗ್ ಸ್ಪ್ಯಾನರ್ ಯಾವಾಗಲೂ ದೋಣಿಯಲ್ಲಿ ಇರಲಿ.

ಕೋಡಿಬೆಂಗ್ರೆ ದೋಣಿ | ಮಧ್ಯಾಹ್ನ 1:37

ಸ್ಟಾರ್ಟ್ ಆಯ್ತು!!!

ಎರಡನೇ ಎಳೆತಕ್ಕೆ. ಮೊದಲು ಬಿಳಿ ಹೊಗೆ ತುಂಬ ಬಂತು, ಐದು ನಿಮಿಷದಲ್ಲಿ ಕಡಿಮೆಯಾಯ್ತು. ನೀರಿನ ಧಾರೆ ಚೆನ್ನಾಗಿ ಬರ್ತಾ ಉಂಟು. ಅರ್ಧ ಗಂಟೆ ಓಡಿಸಿದೆವು. ಪೆಟ್ರೋಲಿನಿಂದ ಸೀಮೆಎಣ್ಣೆಗೆ, ಅಲ್ಲಿಂದ ವಾಪಸು ಪೆಟ್ರೋಲಿಗೆ. ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಎಳೆದಾಗ ಒಂದೇ ಸಲಕ್ಕೆ ಬಂತು. ಕಾಕ್ ತಿರುಗಿಸಿದ್ದು, ಇಂಜಿನ್ ನಿಲ್ಲಿಸಿದ್ದು, ಗಾಳಿ ಸ್ಕ್ರೂ ಮುಚ್ಚಿದ್ದು ಎಲ್ಲ ಅಕ್ಕನ ಮಗನೇ. ನಾನು ಕೈ ಹಾಕಲಿಲ್ಲ.

ಮಿಸ್ತ್ರಿಯಣ್ಣ, ಸುರತ್ಕಲಿನವರೇ, ನಿಮ್ಮಿಬ್ಬರ ಋಣ ಉಂಟು. ಖರ್ಚಾದದ್ದು ಪೆಟ್ರೋಲ್, ಆಯಿಲ್ ಮಾತ್ರ.

ಕಾಪು ದೀಪ | 1:39

ಓದಿ ಹೊಟ್ಟೆ ತಣ್ಣಗಾಯ್ತು.

ಹೆಜಮಾಡಿಯವ | 1:40

ಹುಡುಗನಿಗೆ ಶಭಾಷ್ ಹೇಳಿ ನಮ್ಮ ಪರವಾಗಿ.

ಸುರತ್ಕಲ್ ಹುಡುಗ | 1:44

ತುಂಬ ಸಂತೋಷ. ಪೆಟ್ರೋಲ್ ಟ್ಯಾಂಕನ್ನು ರಾತ್ರಿ ಮನೆಯ ಹೊರಗಿನ ಮಾಡಿನ ಅಡಿಗೆ ತನ್ನಿ. ಅಡುಗೆಮನೆ ಹತ್ತಿರ ಮಾತ್ರ ಬೇಡ.

ಉಳ್ಳಾಲ ಅಲೆ | 1:50

ಇಂಜಿನ್ ತೊಳೆಯುವುದು ಹೇಗೆ ಮಾಡ್ತೀರಿ? ನಮ್ಮಲ್ಲಿ ಕೆಲವರು ಮಳೆಗಾಲದಲ್ಲಿ ಹೊಳೆ ನೀರೇ ಸಿಹಿ ಅಂತ ಹೊಳೆಯಲ್ಲೇ ಓಡಿಸಿ ನಿಲ್ಲಿಸ್ತಾರೆ.

ಮಲ್ಪೆ ಮಿಸ್ತ್ರಿ | 2:05

ಉಪ್ಪು ಹೋಗ್ತದೆ, ಕೆಸರು ಒಳಗೆ ಹೋಗ್ತದೆ. ಮಳೆಗಾಲದ ಹೊಳೆ ನೀರಿನ ಬಣ್ಣ ನೋಡಿ, ಅದೆಲ್ಲ ನೀರಿನ ದಾರಿಯಲ್ಲಿ ಕೂತ್ಕೊಳ್ತದೆ. ಪಂಪಿನ ಇಂಪೆಲ್ಲರ್ ರಬ್ಬರನ್ನೂ ತಿಂತದೆ. ಡ್ರಮ್ಮಿನಲ್ಲಿ ಬಾವಿ ನೀರು ತುಂಬಿಸಿ, ಇಂಜಿನಿನ ಕೆಳಗಿನ ಕಾಲನ್ನು ಅದರಲ್ಲಿ ಮುಳುಗಿಸಿ ಹತ್ತು ನಿಮಿಷ ಓಡಿಸಿ. ನೀರು ತಳ್ಳುವ ಫ್ಯಾನ್ (ಪ್ರೊಪೆಲ್ಲರ್) ತೆಗೆದಿಟ್ಟು ಮಾಡಿ.

ಗಂಗೊಳ್ಳಿ ಗಾಳಿ | 2:11

ಬೆಂಗ್ರಿಯವ್ರೇ, ನಾಳೆ ಹೊರಡ್ತ್ರಿಯಾ?

ಕೋಡಿಬೆಂಗ್ರೆ ದೋಣಿ | 2:14

ನಾಲ್ಕಕ್ಕೆ ಹೊರಡುವ ಅಂತ ಉಂಟು. ಗಂಗೊಳ್ಳಿ ಕಡೆ ಗಾಳಿ ಹೇಗುಂಟು?

ಗಂಗೊಳ್ಳಿ ಗಾಳಿ | 2:16

ನಿನ್ನೆಗಿಂತ ಕಮ್ಮಿ ಇತ್ತ್. ಅಳಿವೆಯಂಗೆ ಅಲೆ ಇತ್ತ್, ಬೆಳಕ್ ಆದ್ಮೇಲೇ ದಾಟಿ.

ಕೋಡಿಬೆಂಗ್ರೆ ದೋಣಿ | 2:18

ಹಾಗಾದ್ರೆ ಐದೂಮುಕ್ಕಾಲಿಗೆ ಹೊರಡ್ತೇವೆ. ನಂಗೂರದ ಹಗ್ಗ ಈಗಲೇ ಬಲೆಯ ಮೇಲೆ ತೆಗೆದಿಟ್ಟೆ.